ಸಾವಂತ್ರೆವ್ವನ ಹಿಡಿ ಹಿಟ್ಟು

ಸವದತ್ತಿ
೧೧ ನವೆಂಬರ್ ೨೦೨೪

ಪ್ರೀತಿಯ ತಂಗಿ ಕೃಪಾವತಿಗೆ,

ಕರ್ತನಲ್ಲಿ ವಂದನೆ. ಉತ್ತರ ತಡವಾಯಿತು, ಬೈಯಬೇಡ. ಕೂಲಿಕಾರರ ಧರಣಿ ಎಂದು ಬೆಳಗಾವಿಯಲ್ಲೇ ವಾರಗಟ್ಟಲೆ ಕುಳಿತಿದ್ದೆ; ಕೂಗಿ ಕೂಗಿ ಗಂಟಲು ಹೋಗಿದೆ. ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರದು ಜಗಳಕ್ಕೇ ತಿರುಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ಸಭೆಯ ಹಿಡಿ ಹಿಟ್ಟು ನಿನಗೆ ನೆನಪಿರಬೇಕು. ರೊಟ್ಟಿಗೆ ನಾದುವ ಮುಂಚೆ ಕೇರಿಯ ಹೆಂಗಸರು ಒಂದು ಹಿಡಿ ತೆಗೆದಿಡುತ್ತಾರೆ. ಶನಿವಾರ ರಾಚವ್ವ ಡಬ್ಬಿ ಹಿಡಿದು ಮನೆಮನೆ ಸುತ್ತುತ್ತಾಳೆ. ಯಾರ ಒಲೆ ತಣ್ಣಗಿದೆಯೋ ಆ ಮನೆಗೆ ಹಿಟ್ಟು ಹೋಗುತ್ತದೆ, ಜಾತಿ ಧರ್ಮ ಕೇಳುವುದಿಲ್ಲ. ಈಗ ಶಾಹಜಾನಬಿಯ ಮನೆಗೆ ಹೋಗುತ್ತಿದೆ. ಅವಳ ಗಂಡ ನಿಜಾಮಸಾಬ ಲಾರಿ ಓಡಿಸುವವನು, ಕಾಲು ಮುರಿದುಕೊಂಡು ಮಲಗಿದ್ದಾನೆ.

ಹೋದ ವಾರ ಊರಿಗೆ ಮರಳಿದವನೇ ಸಭೆಯ ಕಮಿಟಿಯಲ್ಲಿ ಎದ್ದು ನಿಂತು ಗುಡುಗಿದೆ. ಸಾವಂತ್ರೆವ್ವನಿಗೆ ಎಪ್ಪತ್ತು ದಾಟಿದೆ, ಹಿಂದೆ ಮುಂದೆ ಯಾರೂ ಇಲ್ಲ, ರೇಷನ್ನಿನ ಜೋಳದ ಮೇಲೆ ಬದುಕಿದ್ದಾಳೆ. ಅವಳಿಂದಲೂ ಹಿಟ್ಟು ಕೀಳುವುದು ಯಾವ ಭಕ್ತಿ? ಇನ್ನು ಅವಳು ಕೊಡುವುದು ಬೇಡ, ಅವಳಿಗೇ ಕೊಡೋಣ ಎಂದೆ. ಎಲ್ಲರೂ ತಲೆಯಾಡಿಸಿದರು. ಪಾಸ್ಟರ್ ಮಾತ್ರ, "ಆಕಿನ್ನ ಒಂದ್ ಮಾತು ಕೇಳಿದ್ರಿ ಏನು?" ಎಂದರು. ನಾನು ಕೇಳಿರಲಿಲ್ಲ. ಬಡವರ ಪರವಾಗಿ ಮಾತಾಡಿ ರೂಢಿಯಾದವನು, ಬಡವರನ್ನೇಕೆ ಕೇಳಲಿ?

ಶನಿವಾರ ರಾಚವ್ವ ಅವಳ ಬಾಗಿಲು ಬಿಟ್ಟು ಮುಂದೆ ಹೋದಳು.

ನಿನ್ನೆ ಆರಾಧನೆ ಮುಗಿಯುತ್ತಲೇ ಸಾವಂತ್ರೆವ್ವ ಹಿಟ್ಟಿನ ಬಟ್ಟಲು ಹಿಡಿದು ನನ್ನೆದುರು ಬಂದಳು.

"ಯಾಕಪಾ ಸುಭಾಸಾ, ನನ್ನ ಹಿಟ್ಟಿನ್ಯಾಗ ಹುಳ ಬಿದ್ದಾವೇನು?"

"ಹಂಗಲ್ಲ ಆಯಿ, ನಿನಗ ಉಣ್ಣಾಕ..."

"ಉಣ್ಣಾಕಿ ನಾನು, ಹಸಿವು ನಿನಗ್ಯಾಕ?"

ಜನ ನಕ್ಕರು. ಅವಳು ನಗಲಿಲ್ಲ.

"ಸಾವಕಾರ್ರ ಹೊಲದಾಗ ಜ್ವಾಳಾ ಕೊಯ್ದೀನಿ, ತೆನಿ ಬಡದೀನಿ, ಚೀಲಾ ತುಂಬೀನಿ. ನನ್ನ ಕೈಲೆ ಒಂದ್ ತಂಬಿಗಿ ನೀರು ಒಬ್ರೂ ಇಸ್ಕೊಳ್ಳಲಿಲ್ಲ. ದೇವರೊಬ್ಬ ಇಸ್ಕೊಂಡಾನ. ಅವಂಗೂ ಬ್ಯಾಡ ಅನ್ನಾಕ ನೀ ಯಾರಲೇ?"

ಕೃಪಾ, ಪೊಲೀಸರ ಲಾಠಿಗೆ ಹೆದರದವನು ನಾನು. ಆ ಬಟ್ಟಲಿನ ಮುಂದೆ ಎರಡು ಹೆಜ್ಜೆ ಹಿಂದೆ ಸರಿದೆ.

ಅವಳು ಡಬ್ಬಿಗೂ ಹಾಕಲಿಲ್ಲ. ನೇರ ಶಾಹಜಾನಬಿಯ ಮನೆಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಶಾಹಜಾನಬಿ ಬಟ್ಟಲನ್ನು ಎರಡೂ ಕೈಯಿಂದ ತೆಗೆದುಕೊಂಡು ಅಲ್ಲೇ ನಾದಿದಳು, ಬಡಿದಳು, ಬೇಯಿಸಿದಳು. ಮೊದಲ ರೊಟ್ಟಿಯನ್ನು ಸಾವಂತ್ರೆವ್ವನ ಮುಂದೆಯೇ ಇಟ್ಟು, "ಕುಂದರ್ರಿ ಆಯಿ, ಬಿಸೀದು ಐತಿ, ಉಣ್ರಿ" ಎಂದಳು. ಸಾವಂತ್ರೆವ್ವ ಅರ್ಧ ಮುರಿದು ನಿಜಾಮಸಾಬನ ಕೈಗೆ ಕೊಟ್ಟು, ಉಳಿದದ್ದನ್ನು ಉಂಡಳು. ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ನನಗೆ ತಿಳಿಯಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತುಬಿಟ್ಟೆ.

ಇಪ್ಪತ್ತೈದು ವರ್ಷದಿಂದ ಹಕ್ಕು ಹಕ್ಕು ಎಂದು ಕೂಗಿದೆ. ಅನ್ನದ ಹಕ್ಕು, ನೀರಿನ ಹಕ್ಕು, ನೆಲದ ಹಕ್ಕು. ಕೊಡುವ ಹಕ್ಕು ನನ್ನ ಒಂದು ಬೇಡಿಕೆ ಪತ್ರದಲ್ಲೂ ಇರಲಿಲ್ಲ. ಅದನ್ನು ಅವಳಿಂದ ಕಸಿಯಲು ಹೋದವನು ಸಾವಕಾರನಲ್ಲ, ನಾನು.

ಮಕ್ಕಳಿಗೆ ನನ್ನ ಮುದ್ದು ಹೇಳು. ದೇವರು ನಿನ್ನ ಮನೆಯನ್ನು ತಂಪಾಗಿಡಲಿ, ನಿನ್ನ ಕೈ ಕೊಡುತ್ತಲೇ ಇರಲಿ.

ನಿನ್ನ ಅಣ್ಣ,
ಸುಭಾಸ

ತಾ.ಕ.: ಅವ್ವ ತೀರುವ ಹಿಂದಿನ ವರ್ಷ ನನ್ನ ಮಗಳಿಗೆಂದು ಹಳೇ ಸೀರೆಗಳ ಕೌದಿ ಹೊಲಿದುಕೊಂಡು ಯರಗಟ್ಟಿಯಿಂದ ಬಸ್ಸು ಹತ್ತಿ ಬಂದಿದ್ದಳು. ಮನೆಯಲ್ಲಿ ಸಂಘಟನೆಯ ಗೆಳೆಯರಿದ್ದರು. "ಕಣ್ಣು ಕಾಣದಾಕಿ ಇದನ್ಯಾಕ ಹೊಲೀತಿ? ನಿನಗ ಇರಲಿ, ಒಯ್ಯಿ" ಎಂದು ವಾಪಸು ಕೊಟ್ಟೆ. ಗೆಳೆಯರು ಮೆಚ್ಚಿಕೊಂಡರು. ಅವ್ವ ಚಹಾ ಕೂಡ ಕುಡಿಯದೆ ಹೋದಳು. ಅವಳನ್ನು ಮಣ್ಣು ಮಾಡಿದ ದಿನ ಶವಪೆಟ್ಟಿಗೆಯಲ್ಲಿ ಆ ಕೌದಿಯನ್ನೇ ಹಾಸಲಾಗಿತ್ತು. ನೀನೇ ಹಾಸಿದ್ದೆ. ನೋಡಿಯೂ ನೋಡದವನಂತೆ ನಾನು ಅದರ ಮೇಲೆ ಮಣ್ಣು ಹಾಕಿದೆ.