ಒದ್ದೆ ಹರಳಿನ ತೂಕ

ಅಸೆನೊವ್‌ಗ್ರಾದ್, ಗುರುವಾರ

ಗಲಬೋವಾ ಮೇಡಂ ಅವರಿಗೆ ನಮಸ್ಕಾರ.

ಈಗ ಸಂಜೆ ಆರು ಗಂಟೆ. ಇನ್ನು ಕೆಮಿಸ್ಟ್ರಿ ಕ್ಲಾಸಿಗೆ ಹೋಗುವುದಿಲ್ಲವೆಂದು ನನ್ನ ಮಗಳು ಇಸ್ಕ್ರಾ ಬಾಗಿಲು ಹಾಕಿಕೊಂಡಿದ್ದಾಳೆ. ಲೆಕ್ಕದಂತೆ ಐದು ಗ್ರಾಂ ಮೈಲುತುತ್ತ ಬರಬೇಕಿದ್ದ ಕಡೆ ಆರು ಗ್ರಾಂ ಬರೆದು, ಇಳುವರಿ ಶೇಕಡಾ ನೂರಿಪ್ಪತ್ತು ಎಂದಿದ್ದಕ್ಕೆ ನೀವು ಅಂಕ ಕೊಡಲಿಲ್ಲವಂತೆ. ಅದು ಸರಿಯೇ. ಆದರೆ ಪಕ್ಕದಲ್ಲಿ ಕೂರುವ ಹುಡುಗಿ, "ಒಂದು ಗ್ರಾಂ ಗಾಳಿಯಿಂದ ಹಿಡಿದ್ಯೇನೇ, ಮಾಟಗಾತಿ?" ಎಂದು ಕ್ಲಾಸನ್ನೆಲ್ಲ ನಗಿಸಿದಳಂತೆ.

ಅವಳು ಸುಳ್ಳು ಬರೆದಿಲ್ಲ, ಮೇಡಂ. ಪ್ರಯೋಗ ನಡೆದ ಸೋಮವಾರ ಅವಳ ತಾಯಿ ತೀರಿಕೊಂಡು ನಲವತ್ತನೆಯ ದಿನ. ಸಮಾಧಿಯ ಬಳಿ ಬೇಯಿಸಿದ ಗೋಧಿ ಹಂಚಲು ಹನ್ನೆರಡಕ್ಕೆ ಬರಬೇಕಿತ್ತು. ಹರಳು ಒಣಗುವವರೆಗೆ ಕಾಯದೆ ತೂಗಿ ಓಡಿಬಂದಳು. ದ್ರಾಕ್ಷಿಗೆ ಪ್ರತಿವರ್ಷ ಮೈಲುತುತ್ತ ಸಿಂಪಡಿಸುವವನು ನಾನು. ಒದ್ದೆಯದು ಎಷ್ಟು ಹೆಚ್ಚು ತೂಗುತ್ತದೆಂದು ಗೊತ್ತು. ಕ್ಲಾಸಿನಲ್ಲಿ ಅಮ್ಮನ ಮಾತೆತ್ತಲು ಅವಳಿಂದ ಆಗಲಿಲ್ಲ.

ಆ ಹರಳು ಪ್ರಯೋಗಾಲಯದ ಕಪಾಟಿನಲ್ಲೇ ಇದೆಯಂತೆ. ದಯವಿಟ್ಟು ಇನ್ನೊಮ್ಮೆ ತೂಗಲು ಬಿಡಿ.

"ನಾಲ್ಕೇ ಗ್ರಾಂ ಬಂದ್ರೆ, ಅಪ್ಪಾ?" ಎಂದು ಈಗಷ್ಟೇ ಬಾಗಿಲ ಹಿಂದಿನಿಂದ ಕೇಳಿದಳು.

"ಶೇಕಡಾ ಎಂಬತ್ತು ಅಂತ ಬರಿ, ಮಗಳೇ. ಕಳೆದದ್ದು ಕಳೆದ್ಹೋಯ್ತು, ಇರೋದನ್ನ ಬರಿ" ಎಂದೆ.

ನಾಳೆ ಬೆಳಿಗ್ಗೆ ಏಳೂವರೆಗೆ ಈ ಪತ್ರವನ್ನು ಅವಳೇ ತರುತ್ತಾಳೆ.

ಇಸ್ಕ್ರಾಳ ತಂದೆ,
ರಾಂಗೆಲ್ ತೊಪಾಲೊವ್