ಈರಮ್ಮ ಫಲಾನುಭವಿಯಾದ ಬಗೆ

ಬಳ್ಳಾರಿ, 18 ನವೆಂಬರ್ 2025, ಮಂಗಳವಾರ. ಛಾಯಾಚಿತ್ರ ಪ್ರದರ್ಶನ ಶನಿವಾರ ಆರಂಭ. ಚಿತ್ರಗಳು ಗೋಡೆಗೇರಿವೆ. ಅವುಗಳ ಕೆಳಗೆ ಅಂಟಿಸುವ ಹೆಸರಿನ ಚೀಟಿಗಳು ನಿನ್ನೆ ಅಚ್ಚಾಗಿ ಬಂದಿವೆ.

ಪ್ರದರ್ಶನ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಮೂವತ್ತು ಚೀಟಿಗಳಲ್ಲಿ ಇಪ್ಪತ್ನಾಲ್ಕರ ಮೇಲೆ ‘ಕಲಾವಿದರು’ ಎಂದಿದೆ, ಆರರ ಮೇಲೆ ‘ಫಲಾನುಭವಿ’ ಎಂದಿದೆ. ಆ ಆರು ಚಿತ್ರಗಳನ್ನು ತೆಗೆದವರು ಸಿರುಗುಪ್ಪ, ಕುರುಗೋಡಿನ ಕೂಲಿಕಾರರು. ಎರಡು ವರ್ಷ ಅವರ ಕೇರಿಗಳಿಗೆ ಓಡಾಡಿ, ಚಿತ್ರಗಳನ್ನು ಆಯ್ದು, ಸಮಿತಿಯ ಮೇಜಿನವರೆಗೆ ತಂದವರು ಕೌಲ್ ಬಜಾರಿನಲ್ಲಿರುವ ಛಾಯಾಚಿತ್ರ ಸಂಪಾದಕಿ ನೇತ್ರಾ. ಇದು ಅಚ್ಚಿನ ದೋಷವೇ? ಅಚ್ಚಿನ ಮೊಳೆಗಳಿಗೆ ಕೇರಿಯ ವಿಳಾಸ ಯಾವಾಗಿನಿಂದ ಗೊತ್ತಾಗತೊಡಗಿತು?

ನಾನು ಅನುವಾದಿತ ಕಾದಂಬರಿಗಳ ಓದುಗ. ಅನುವಾದಕರ ಹೆಸರೇ ಇಲ್ಲದ ಮುಖಪುಟಗಳನ್ನು ಸಾಕಷ್ಟು ನೋಡಿರುವುದರಿಂದ, ಯಾರ ಹೆಸರು ಎಲ್ಲಿ ಮಾಯವಾಗುತ್ತದೆ ಎಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಚೀಟಿಗಳ ಕನ್ನಡ ನೋಡಿಕೊಡಿ ಎಂದು ನೇತ್ರಾ ಕರೆದದ್ದಕ್ಕೆ ನಿನ್ನೆ ತಮ್ಮ ಕಚೇರಿಗೆ ಬಂದಿದ್ದೆ. ಈ ಪದವೇಕೆ ಎಂದು ನೇತ್ರಾ ಕೇಳಿದ್ದಕ್ಕೆ ತಮ್ಮ ಗುಮಾಸ್ತರು ಸಮಾಧಾನದಿಂದಲೇ ವಿವರಿಸಿದರು:

“ನಮೂನಿ ಅದೇ ಐತ್ರಿ ಮೇಡಂ. ಹೊಲಿಗಿ ಮಷಿನ್ ಕೊಟ್ಟಾಗೂ ಹಿಂಗ ಬರದೀವಿ.”

“ಇವ್ರಿಗೆ ಕ್ಯಾಮೆರಾ ನೀವು ಕೊಟ್ಟೀರೇನ್ರಿ?” ಎಂದರು ನೇತ್ರಾ.

“ಗೋಡಿ ಕೊಟ್ಟೀವಲ್ರಿ!”

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುವ ಈರಮ್ಮ ಅಲ್ಲೇ ನಿಂತಿದ್ದರು. ಅಂಗಳದಲ್ಲಿ ಭತ್ತ ಹರವುವ ಹೆಂಗಸರ ಚಿತ್ರವನ್ನು ಅವರು ಸ್ವಂತ ಮೊಬೈಲಿನಲ್ಲೇ ತೆಗೆದಿದ್ದಾರೆ.

“ಫಲಾನುಭವಿ ಅಂದ್ರ ಫಲ ಉಂಡಾಕಿ, ಹೌದಲ್ರಿ ಸರ? ತಗದಾಕಿ ನಾನು. ಉಂಡಿದ್ದು ಏನು, ಅದನ್ನೊಂದೀಟು ತೋರಸ್ರಿ.”

ಗುಮಾಸ್ತರು ನಕ್ಕು, ಸಹಿಗೆಂದು ಒಂದು ಕಾಗದ ಸರಿಸಿದರು: ‘ಫಲಾನುಭವಿಯು ಒದಗಿಸಿದ ಚಿತ್ರದ ಸಂಪೂರ್ಣ ಹಕ್ಕು ಸಮಿತಿಗೆ ಸೇರತಕ್ಕದ್ದು.’ ‘ಕಲಾವಿದ’ರಿಗೆ ಇಂಥ ಕಾಗದವಿಲ್ಲ, ಕೇಳಿ ತಿಳಿದುಕೊಂಡೆ. ಆಗ ನನ್ನ ಅನುಮಾನ ಗಟ್ಟಿಯಾಯಿತು. ಕಲಾವಿದೆ ಎಂದರೆ ಚಿತ್ರ ಅವರದಾಗಿಬಿಡುತ್ತದೆ. ಫಲಾನುಭವಿ ಎಂದರೆ ಅವರೇ ತೆಗೆದ ಚಿತ್ರವನ್ನೂ ಸಮಿತಿಯೇ ಅವರಿಗೆ ದಯಪಾಲಿಸಿದಂತಾಗುತ್ತದೆ. ನಾಳೆ ಅದು ತಮ್ಮ ಕ್ಯಾಲೆಂಡರಿನಲ್ಲಿ ಕಾಣಿಸಿಕೊಂಡರೆ ಈರಮ್ಮ ಯಾರನ್ನು ಕೇಳಬೇಕು?

ಆ ಆರು ಚೀಟಿಗಳನ್ನು ‘ಕಲಾವಿದರು’ ಎಂದೇ ಅಚ್ಚು ಹಾಕಿಸಿ, ಆ ಕಾಗದವನ್ನು ಹಿಂಪಡೆಯಿರಿ. ಇಲ್ಲದಿದ್ದರೆ ಶುಕ್ರವಾರ ಸಂಜೆ ಆರೂ ಚಿತ್ರಗಳನ್ನು ಗೋಡೆಯಿಂದ ಇಳಿಸಿಕೊಂಡು ಹೋಗುವುದೆಂದು ನೇತ್ರಾ ಮತ್ತು ಆ ಆರು ಮಂದಿ ಇಂದು ಬೆಳಿಗ್ಗೆ ತೀರ್ಮಾನಿಸಿದ್ದಾರೆ. ಚಿತ್ರ ನೋಡಲು ಶನಿವಾರ ಬರ್ರಿ ಎಂದು ಈರಮ್ಮ ಗಿರಣಿಯ ಹನ್ನೊಂದು ಹೆಂಗಸರನ್ನು ಕರೆದಿದ್ದರು. ಬರಬೇಡಿ ಎಂದು ಅವರಿಗೆ ಇನ್ನೂ ಹೇಳಿಲ್ಲ.

ಇಂತಿ,
ಉತ್ತರ ಬಾರದೆಂದು ತಿಳಿದೂ ವಿಳಾಸ ಬರೆದಿರುವ
ಹಂಪೇಶ್, ಪಾರ್ವತಿನಗರ