ಪರದೆಯ ಮೇಲಿನ ಸೊನ್ನೆ

ಸೇಡಂ
೧೪ ಆಗಸ್ಟ್ ೨೦೦೯

ಶ್ರೀವಾಣಿ ಅವರಿಗೆ ಪದ್ಮಜಾಳ ನಮಸ್ಕಾರ.

ಗುಲ್ಬರ್ಗದ ರಕ್ತನಿಧಿಯಲ್ಲಿ ಯಾವ ರಕ್ತ ಎಷ್ಟಿದೆ ಎಂದು ನಮ್ಮ ಆಸ್ಪತ್ರೆಯಿಂದಲೇ ನೋಡಲು ನೀವು ಬರೆದುಕೊಟ್ಟ ಪ್ರೋಗ್ರಾಂ ಬಗ್ಗೆ ಒಂದು ಪ್ರಶ್ನೆ. ಸೋಮವಾರ ಹೆರಿಗೆಯಾದ ಮಳಖೇಡದ ಭುವನೇಶ್ವರಿಗೆ ರಕ್ತಸ್ರಾವ ನಿಲ್ಲಲಿಲ್ಲ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಬಿ ನೆಗೆಟಿವ್ ಕೇಳಿದೆ. ಸೊನ್ನೆ ಎಂದು ಬಂತು. ಡಾಕ್ಟರು ಅವಳನ್ನು ಹೈದರಾಬಾದಿಗೆ ಕಳಿಸಲು ಚೀಟಿ ಬರೆಯತೊಡಗಿದರು.

ಆಗ ಅವಳ ಗಂಡ ಸಂಗಮೇಶ್ವರ, "ನಂದೂ ಅದೇ ರಕ್ತ ಅದರಿ ಅಕ್ಕಾರ. ಬೇಕಾದೀತಂತ ಹೋದ ವಾರ ಅಲ್ಲೇ ಕೊಟ್ಟು ಬಂದೀನಿ. ಅಷ್ಟರಾಗ ಯಾರು ಕುಡದ್ರು? ಫೋನ್ ಹಚ್ಚಿ ಕೇಳ್ರಿ" ಎಂದ. ಕೇಳಿದೆ. ಮೂರು ಬಾಟಲಿ ಇತ್ತು. ಜೀಪಿನಲ್ಲಿ ತರಿಸಿದೆವು.

ನಮ್ಮ ಪ್ರೋಗ್ರಾಂ ಒಳಹೋಗಲು ತೋರಿಸುವ ಗುಪ್ತಪದದ, ಅದೇ ಆ ಕೀಯ, ಅವಧಿ ಹಿಂದಿನ ದಿನವೇ ಮುಗಿದಿತ್ತು ಎಂದು ರಕ್ತನಿಧಿಯವರು ಆಮೇಲೆ ಹೇಳಿದರು. ಅಂದರೆ ಅವರ ಸರ್ವರ್ ನಮ್ಮನ್ನು ಒಳಗೇ ಬಿಟ್ಟಿರಲಿಲ್ಲ. ಆ ಮಾತು ನನ್ನ ಪರದೆಗೆ ಬರುವ ದಾರಿಯಲ್ಲಿ ಸೊನ್ನೆಯಾದದ್ದು ಹೇಗೆ? ನಿಜಕ್ಕೂ ತಿಳಿಯುವ ಆಸೆ ನನಗೆ. ಅದನ್ನು ನಾನೇಕೆ ಅಷ್ಟು ಬೇಗ ನಂಬಿದೆ ಎಂಬುದೂ ತಿಳಿಯಬೇಕಿದೆ.

ಇನ್ನು ಮುಂದೆ ಕೀ ಮುಗಿದಿದ್ದರೆ ಮುಗಿದಿದೆ ಎಂದೇ ಅದು ಹೇಳಲಿ. ಹೊಸದನ್ನು ಯಾರಿಂದ ಪಡೆಯಬೇಕು ಎಂದೂ ತೋರಿಸಲಿ. ವಾರ ಮೊದಲೇ ಎಚ್ಚರಿಸಿದರೆ ಇನ್ನೂ ಒಳ್ಳೆಯದು.

ತಾಯಿ, ಮಗಳು ಆರಾಮ ಇದ್ದಾರೆ. ಸಂಗಮೇಶ್ವರ ನನ್ನ ಮೇಜು ದಾಟುವಾಗಲೆಲ್ಲ, "ಆ ಡಬ್ಬಿಗೆ 'ಗೊತ್ತಿಲ್ಲ' ಅನ್ನೂದು ಕಲಿಸಿದ್ರೇನ್ರಿ?" ಎಂದು ಕೇಳುತ್ತಾನೆ. ಅವನಿಗೆ ಏನು ಹೇಳಲಿ?

ಅಲ್ಲಿಯವರೆಗೆ ಫೋನ್ ಮಾಡಿಯೇ ಕೇಳುತ್ತಿರುವ,
ಪದ್ಮಜಾ